ಕತ್ತಿಗೆ ಕೊರಳೊಡ್ಡಿದವರ ನಡವಳಿಕೆ

ಬಾದಾಮಿಯ ಕೊಂಡೋಜನ ಕೈಯಲ್ಲಿ ಏನೋ ವಿಶೇಷವಿದ್ದಿರಬೇಕು. 16ನೇ ಶತಮಾನದ ನಡುಭಾಗದಲ್ಲಿ ವಿಜಯನಗರದ ಆಡಳಿತ ನಡೆಸುತ್ತಿದ್ದ ಅಳಿಯ ರಾಮರಾಯ ಅವನ ಕ್ಷೌರಕ್ಕೆ ಮನಸೋತ. ಅರಸ ಸದಾಶಿವರಾಯನ ಹೆಸರಿನಲ್ಲಿ ಹೊರಟ ಶಾಸನಗಳು ಕ್ಷೌರಿಕರ ತೆರಿಗೆಯನ್ನೂ ಬಿಟ್ಟಿ ಚಾಕರಿಯನ್ನೂ ಮನ್ನಾ ಮಾಡಿದವು. ಮೆಚ್ಚಿದವನಿಗೆ ಒಂದು ಇನಾಮು ಕೊಟ್ಟು ಕಳಿಸಬಹುದಿತ್ತು. ಹಾಗೆ ಮಾಡದೆ ಇಡೀ ಕಸುಬಿನ ಹೊರೆ ಇಳಿಸಿದ್ದು ದೊಡ್ಡ ಮಾತು.

ಹಳ್ಳಿಗಳಲ್ಲಿ ಅಂಥ ಔದಾರ್ಯ ಅಪರೂಪ. ಕ್ಷೌರಿಕ ಊರಿನ ಆಯಗಾರರಲ್ಲಿ ಒಬ್ಬ. ಆಗಿಂದಾಗ ಕಾಸಿಲ್ಲ, ಸುಗ್ಗಿಯಲ್ಲಿ ಕಣಕ್ಕೆ ಹೋದರೆ ರಾಶಿಯಿಂದ ಅಷ್ಟು ರಾಗಿಯೋ ಜೋಳವೋ ಸಿಗುತ್ತಿತ್ತು. ಹೇಳಿ ಕಳಿಸಿದ ಮನೆಗೆ ಹಡಪವನ್ನು ಕಂಕುಳಲ್ಲಿ ಇರುಕಿಕೊಂಡು ಹೋಗಬೇಕು. ಹಿತ್ತಲಲ್ಲೋ ಕೊಟ್ಟಿಗೆಯ ಪಕ್ಕದಲ್ಲೋ ಕುಕ್ಕರುಗಾಲಲ್ಲಿ ಕೂತು, ಗಿರಾಕಿಯ ತಲೆಗೆ ನೀರು ತಟ್ಟಿ ನೆನೆಸಿ, ಕತ್ತಿ ಮಸೆದು ಬೋಳಿಸಬೇಕು. ಎಷ್ಟೇ ವಯಸ್ಸಾಗಿರಲಿ, ಆ ಮನೆಯ ಹುಡುಗರ ಬಾಯಲ್ಲೂ ಅವನು "ಬಾರೋ, ಹೋಗೋ". ಕೆಲಸ ಮುಗಿದೊಡನೆ ಯಜಮಾನ ಯಾರನ್ನೂ ಮುಟ್ಟದೆ ನೇರ ಬಚ್ಚಲಿಗೆ. ಅವನ ಕತ್ತಿಗೆ ಕೊರಳೊಡ್ಡಬಹುದು, ಅವನು ಹೊಸಿಲು ದಾಟುವಂತಿಲ್ಲ! ಎಷ್ಟೋ ಊರುಗಳಲ್ಲಿ ಮದುವೆಗೆ ಓಲಗ ಊದಲು, ಹೆರಿಗೆ ಮಾಡಿಸಲು ಅದೇ ಕ್ಷೌರಿಕನ ಮನೆಯವರು ಬೇಕಿತ್ತು ಎಂಬುದನ್ನು ನೆನೆದರೆ ಈ ನಡತೆ ಇನ್ನಷ್ಟು ನೋಯಿಸುತ್ತದೆ.

ಪೇಟೆಯಲ್ಲಿ ಸೆಲೂನು ಬಂದಾಗ ಲೆಕ್ಕ ತಿರುವುಮುರುವಾಯಿತು.

ಈಗ ಗಿರಾಕಿಯೇ ಎದ್ದು ಬರಬೇಕು. ಬೆಂಚಿನ ಮೇಲೆ ಪೇಪರು ತಿರುವಿಹಾಕುತ್ತ ಪಾಳಿ ಕಾಯಬೇಕು, ಗೋಡೆಯ ದರಪಟ್ಟಿ ನೋಡಿ ದುಡ್ಡು ಎಣಿಸಬೇಕು. ಮಂಗಳವಾರ ಅಂಗಡಿಗೆ ರಜೆ. ಸಾಹುಕಾರನಾದರೂ ಬುಧವಾರದವರೆಗೆ ತಡೆಯಲೇಬೇಕು. ಚಿಕ್ಕ ಮಕ್ಕಳಿಗೆ ಕುರ್ಚಿಯ ಎರಡು ಕೈಗಳ ಮೇಲೆ ಅಡ್ಡ ಹಲಗೆ ಹಾಕಿ ಕೂರಿಸಿ, "ಕತ್ತು ಅಲ್ಲಾಡಿಸಬೇಡ" ಎಂದು ಗದರುವ ಹಕ್ಕು ಕತ್ತರಿ ಹಿಡಿದವನದು. ಅಪ್ಪ ಕೂತರೆ ಅದೇ ಮಾತು ಬಹುವಚನದಲ್ಲಿ. ಬಗ್ಗಿಸಿ ಎಂದಾಗ ತಲೆ ಬಗ್ಗಿಸುವುದು, ಬೇರೆಯವರ ಪಾಳಿಗೆ ನುಗ್ಗದಿರುವುದು, ಎದ್ದು ಹೋಗುವಾಗ ಕಾಸು ಕೊಡುವುದು: ಹಿತ್ತಲಿನಲ್ಲಿ ಕೂತು ಅಪ್ಪಣೆ ಕೊಡಿಸುತ್ತಿದ್ದವರು ಇವನ್ನೆಲ್ಲ ಹೊಸದಾಗಿ ಕಲಿತರು.

ಆದರೆ ಆ ಬೆಂಚಿನ ಮೇಲೆ ಎಲ್ಲರಿಗೂ ಜಾಗ ಸಿಗಲಿಲ್ಲ. ಎಷ್ಟೋ ಹಳ್ಳಿಗಳ ದಲಿತರು ಕೂದಲು ಕತ್ತರಿಸಿಕೊಳ್ಳಲು ಪಕ್ಕದ ಪೇಟೆಗೆ ಹೋಗಬೇಕಾಯಿತು. ಅಂಗಡಿಯವನು ಒಪ್ಪಿದರೂ ಮೇಲ್ಜಾತಿಯ ಗಿರಾಕಿಗಳು ಬಿಡುತ್ತಿರಲಿಲ್ಲ. 2020ರ ನವೆಂಬರಿನಲ್ಲಿ ನಂಜನಗೂಡು ತಾಲ್ಲೂಕಿನ ಹಲ್ಲರೆಯ ಕ್ಷೌರಿಕರೊಬ್ಬರು, ಪರಿಶಿಷ್ಟರಿಗೆ ಕ್ಷೌರ ಮಾಡಿದ್ದಕ್ಕೆ ತಮ್ಮ ಕುಟುಂಬಕ್ಕೆ ಬಹಿಷ್ಕಾರ ಹಾಕಿ 50,000 ರೂಪಾಯಿ ದಂಡ ಕೇಳಿದ್ದಾರೆಂದು ದೂರಿದ್ದು ರಾಜ್ಯದಾದ್ಯಂತ ಸುದ್ದಿಯಾಯಿತು. ಅದೇ ತಿಂಗಳು ಸಮಾಜ ಕಲ್ಯಾಣ ಇಲಾಖೆಯ ಮುಂದೆ ಒಂದು ಪ್ರಸ್ತಾವವಿತ್ತು: ಗ್ರಾಮ ಪಂಚಾಯಿತಿಗಳಲ್ಲಿ ಸರ್ಕಾರವೇ ಕ್ಷೌರದಂಗಡಿ ತೆರೆಯಬೇಕು.