ಕ್ಯಾರೆಟ್: ವಜ್ರ ತೂಗುವ ಅಳತೆ

‘ಗೋಲ್ಕೊಂಡದ ವಜ್ರ’ ಎಂದರೂ ಗೋಲ್ಕೊಂಡ ಕೋಟೆಯೊಳಗೆ ಗಣಿ ಇರಲಿಲ್ಲ. ಕೃಷ್ಣಾ ತೀರದ ಕೊಲ್ಲೂರಿನಂಥ ಗಣಿಗಳ ಹರಳುಗಳು ಅಲ್ಲಿನ ಪೇಟೆಗೆ ಬಂದು ಬಿಕರಿಯಾಗುತ್ತಿದ್ದವು.

ಬಿಕರಿ ಎಂದಮೇಲೆ ತೂಕ ಬೇಕಲ್ಲ! ನಮ್ಮ ಅಕ್ಕಸಾಲಿಗರು ತಕ್ಕಡಿಗೆ ಗುಲಗಂಜಿ ಹಾಕಿ ತೂಗಿದರೆ, ಪಶ್ಚಿಮದವರು ಕ್ಯಾರಬ್ ಮರದ ಬೀಜ ಬಳಸಿದರು. ಕ್ಯಾರೆಟ್ ಎಂಬ ಹೆಸರು ಅದರಿಂದಲೇ ಬಂತು. ಊರಿಗೊಂದು ಬಗೆಯಾಗಿದ್ದ ಈ ತೂಕವನ್ನು 1907ರಲ್ಲಿ ತೂಕ ಮತ್ತು ಅಳತೆಗಳ ಅಂತರರಾಷ್ಟ್ರೀಯ ಸಮ್ಮೇಳನ 200 ಮಿಲಿಗ್ರಾಂ ಎಂದು ಗೊತ್ತುಮಾಡಿತು. ಐದು ಕ್ಯಾರೆಟ್ ಸೇರಿದರೆ ಒಂದು ಗ್ರಾಂ.

ಹೈದರಾಬಾದಿನ ನಿಜಾಮರ ‘ಜೇಕಬ್’ ವಜ್ರ ತೂಗುವುದು 184.75 ಕ್ಯಾರೆಟ್, ಅಂದರೆ ಸುಮಾರು 37 ಗ್ರಾಂ; ಹಳೇ ಲೆಕ್ಕದಲ್ಲಿ ಮೂರು ತೊಲೆಗೆ ತುಸು ಮೇಲೆ. (ಇದು ಮಾತ್ರ ಗೋಲ್ಕೊಂಡದ್ದಲ್ಲ, ದಕ್ಷಿಣ ಆಫ್ರಿಕಾದ್ದು.) ತಂದೆಯ ಪಾದರಕ್ಷೆಯ ತುದಿಯಲ್ಲಿ ಸಿಕ್ಕಿದ್ದೆನ್ನಲಾದ ಇದನ್ನು ಏಳನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಕಾಗದ ಹಾರದಂತೆ ಮೇಲಿಡುತ್ತಿದ್ದರು! 1995ರಲ್ಲಿ ಭಾರತ ಸರ್ಕಾರ ನಿಜಾಮರ ಒಡವೆಗಳನ್ನು 218 ಕೋಟಿ ರೂಪಾಯಿಗೆ ಕೊಂಡಾಗ ಇದೂ ಅವುಗಳಲ್ಲಿತ್ತು.

ಚಿನ್ನದಂಗಡಿಯ ‘22 ಕ್ಯಾರೆಟ್’ ಮಾತ್ರ ತೂಕವಲ್ಲ. 24 ಪಾಲಿನಲ್ಲಿ 22 ಪಾಲು ಅಪ್ಪಟ ಚಿನ್ನ ಎಂದರ್ಥ.