ವಿಜಯನಗರ ಆರುನೂರನೇ ವರ್ಷದ ಸ್ಮರಣ ಸಂಪುಟ
ವಿಜಯನಗರ ಸ್ಥಾಪನೆಯ ಆರುನೂರನೇ ವರ್ಷದ ನೆನಪಿಗೆ 1936ರಲ್ಲಿ ಧಾರವಾಡದಿಂದ ಹೊರಬಂದ ಇಂಗ್ಲಿಷ್ ಲೇಖನಗಳ ಸಂಪುಟ. ಆ ವರ್ಷ ಹಂಪಿಯಲ್ಲಿ ಉತ್ಸವವೂ ನಡೆಯಿತು. ಆಗ ಹಂಪಿ, ಹೊಸಪೇಟೆ, ಕಂಪ್ಲಿ ಮದರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿದ್ದವು. ಸಂಡೂರು ಘೋರ್ಪಡೆ ಮನೆತನದ ಸಂಸ್ಥಾನ. ಧಾರವಾಡ ಮುಂಬಯಿ ಪ್ರಾಂತ್ಯದ್ದು. ಹೀಗೆ ಹರಿದು ಹಂಚಿಹೋಗಿದ್ದ ಕನ್ನಡಿಗರಿಗೆ ಹಾಳು ಹಂಪೆಯ ನೆನಪು ಏಕೀಕರಣದ ಮಾತೂ ಆಗಿತ್ತು. ಆದ್ದರಿಂದ ಇದನ್ನು ಬರೀ ವಿದ್ವತ್ ಗ್ರಂಥವೆಂದು ಓದಿದರೆ ಅರ್ಧ ಮಾತ್ರ ಓದಿದಂತೆ.

ಸಂಪುಟದ ಕಾವೇರಿದ ಭಾಗ ವಿಜಯನಗರದ ಮೂಲದ ಚರ್ಚೆ. ರಾಜ್ಯ ಕಟ್ಟಿದ ಸಂಗಮ ಸೋದರರು ಕನ್ನಡಿಗರೋ ತೆಲುಗರೋ ಎಂಬ ವಾದ ಆಗ ಜೋರಾಗಿತ್ತು, ಬಿ. ಎ. ಸಾಲೆತ್ತೂರರ ಲೇಖನ ಈ ಸಿದ್ಧಾಂತಗಳನ್ನೇ ಕೈಗೆತ್ತಿಕೊಂಡಿತು. ವಾದದ ಬೇರು ಕಂಪ್ಲಿಯ ಕಡೆಗೂ ಚಾಚುತ್ತದೆ: ಕಂಪಿಲರಾಯನ ರಾಜ್ಯ ಸುಮಾರು 1327ರಲ್ಲಿ ದೆಹಲಿಯ ಸೈನ್ಯಕ್ಕೆ ಬಿದ್ದ ಮೇಲೆಯೇ ವಿಜಯನಗರ ತಲೆಯೆತ್ತಿದ್ದು. ಸ್ಥಾಪನೆಗೆ ಹೇಳುವ 1336 ಎಂಬ ವರ್ಷವೂ ಪ್ರಶ್ನಾತೀತವಲ್ಲ. ಅದನ್ನು ಹೇಳುವ ಶಾಸನಗಳಲ್ಲಿ ಕೆಲವನ್ನು ನಂತರದವೆಂದು ವಿದ್ವಾಂಸರು ಶಂಕಿಸಿದ್ದಾರೆ. ಸೋದರರ ವಿಜಯವನ್ನು ನೆನೆಯುವ ಶೃಂಗೇರಿ ಶಾಸನ 1346ರದು.

ವಿಜಯನಗರವನ್ನು ನೆನೆಯುವ ವಸ್ತುಗಳಲ್ಲಿ ಈ ಸಂಪುಟದ ಜೊತೆಗೆ ಅಲ್ಲಿನ ಅರಸ ಕೃಷ್ಣದೇವರಾಯನ ಪಟ್ಟಾಭಿಷೇಕದ ಐದುನೂರನೇ ವರ್ಷದ ಹಿನ್ನೆಲೆಯಲ್ಲಿ 2011ರಲ್ಲಿ ಬಂದ ಅಂಚೆಚೀಟಿಯೂ ಸೇರುತ್ತದೆ. ಯಾವ ಶತಮಾನೋತ್ಸವಕ್ಕೂ ಸೇರದಿದ್ದರೂ ಎಲ್ಲರ ಜೇಬಿಗೂ ತಲುಪಿದ್ದು 2017ರ ತಿಳಿನೀಲಿ ಐವತ್ತು ರೂಪಾಯಿ ನೋಟು: ಬೆನ್ನ ಮೇಲೆ ವಿಠ್ಠಲ ದೇವಾಲಯದ ಕಲ್ಲಿನ ರಥ, ಜೊತೆಗೆ ಹಂಪಿಯ ಹೆಸರು.