ಕಾಲ್ ಮಾಡೋದಾ, ಆಲ್-ಇನ್ನಾ?

ಇಸ್ಪೀಟು ಅಂದ್ರೆ ನಮ್ಮ ಕಡೆ ರಮ್ಮಿ, ಇಪ್ಪತ್ತೆಂಟು, ಜಾತ್ರೆಯಲ್ಲಾದ್ರೆ ಅಂದರ್ ಬಾಹರ್. ಪೋಕರ್ ನಮ್ಮದಲ್ಲ. ಆದ್ರೆ ಆ ಆಟದ ಒಂದು ಪ್ರಶ್ನೆ ನನ್ನನ್ನು ಬಹಳ ದಿನದಿಂದ ಕಾಡ್ತಾ ಇದೆ. ಎದುರಿನವನು ದುಡ್ಡು ಕಟ್ಟಿದ್ದಾನೆ. ಅಷ್ಟೇ ಕಟ್ಟಿ ಮುಂದಿನ ಎಲೆ ನೋಡೋದಾ, ಇಲ್ಲಾ ಇರೋದನ್ನೆಲ್ಲಾ ಮುಂದಕ್ಕೆ ತಳ್ಳಿಬಿಡೋದಾ? ಮೊದಲನೆಯದು ಕಾಲ್, ಎರಡನೆಯದು ಆಲ್-ಇನ್. ಈ ಎರಡರ ನಡುವಿನ ಜಗ್ಗಾಟಕ್ಕೆ ಒಳ್ಳೇ ಚರಿತ್ರೆಯೇ ಇದೆ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಈಗ ಹೆಚ್ಚು ಆಡೋದು ಟೆಕ್ಸಾಸ್ ಹೋಲ್ಡೆಮ್. ಪ್ರತಿಯೊಬ್ಬರಿಗೂ ಗುಟ್ಟಾಗಿ ಎರಡು ಎಲೆ. ನಡುವೆ ಎಲ್ಲರಿಗೂ ಸೇರಿದ ಐದು ಎಲೆ - ಮೊದಲು ಮೂರು, ಆಮೇಲೆ ಒಂದು, ಕೊನೆಗೊಂದು. ಈ ಏಳರಲ್ಲಿ ಒಳ್ಳೆಯ ಐದನ್ನು ಸೇರಿಸಿದ್ದೇ ನಿಮ್ಮ ಕೈ. ಪ್ರತಿ ಹಂತದಲ್ಲೂ ದುಡ್ಡು ಕಟ್ಟಬಹುದು, ಏರಿಸಬಹುದು, ಎಲೆ ಬಿಸಾಕಿ ಎದ್ದುಬಿಡಬಹುದು.

ಆಲ್-ಇನ್ ಅಂದ ಕೂಡಲೇ ಹುಚ್ಚು ಧೈರ್ಯ ಅನ್ನಿಸುತ್ತೆ ಅಲ್ವಾ? ಹುಟ್ಟಿನಲ್ಲಿ ಅದು ಹಾಗಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ಪೋಕರ್ ನ್ಯೂ ಆರ್ಲಿಯನ್ಸ್‌ನಿಂದ ಮಿಸಿಸಿಪ್ಪಿ ನದಿಯ ಹಡಗುಗಳ ಮೇಲೆ ಹಬ್ಬಿತು. ಆಟದ ನಡುವೆ ಜೇಬಿಗೆ ಕೈ ಹಾಕೋದು, ಜಮೀನು ಪತ್ರ ತಂದು ಇಡೋದು, ಇಂಥ ಕಥೆಗಳು ಅಲ್ಲಿ ಬೇಕಾದಷ್ಟಿವೆ. ದುಡ್ಡಿದ್ದವನು ಏರಿಸುತ್ತಾ ಹೋದರೆ ಇಲ್ಲದವನು ಒಳ್ಳೇ ಎಲೆ ಇದ್ದೂ ಎದ್ದು ಹೋಗಬೇಕು! ಇದಕ್ಕೆ ಮದ್ದಾಗಿ ಬಂದದ್ದು ಟೇಬಲ್ ಸ್ಟೇಕ್ಸ್ ಅನ್ನೋ ನಿಯಮ. ಎಲೆ ಹಂಚುವಾಗ ಮೇಜಿನ ಮೇಲೆ ಎಷ್ಟಿದೆಯೋ ಅಷ್ಟೇ ಪಣ. ನನ್ನ ಹತ್ತಿರ 500 ಇದ್ದು ನೀವು 2000 ಕಟ್ಟಿದರೆ, ನಾನು 500 ಇಟ್ಟು ಕೂತಿರಬಹುದು. ನಮ್ಮಿಬ್ಬರ ಲೆಕ್ಕ ಆ 500ಕ್ಕೆ ಮಾತ್ರ. ಅಂದರೆ ಆಲ್-ಇನ್ ಅನ್ನೋದು ಬಡವನಿಗಿದ್ದ ರಕ್ಷೆ.

ಇಲ್ಲಿ ನನಗೆ ನೆನಪಾಗೋದು ನಮ್ಮ ಧರ್ಮರಾಯ. ಅವನೂ ಆಲ್-ಇನ್ ಗಿರಾಕಿಯೇ. ರಾಜ್ಯ ಹೋಯ್ತು, ತಮ್ಮಂದಿರು ಹೋದರು, ಕೊನೆಗೆ ತಾನೇ ಹೋದ. ಅದಾದ ಮೇಲೆ ದ್ರೌಪದಿಯನ್ನು ಇಟ್ಟ. ತನ್ನನ್ನೇ ಸೋತವನು ನನ್ನನ್ನು ಹೇಗೆ ಪಣಕ್ಕಿಟ್ಟ ಅಂತ ಅವಳು ಕೇಳಿದ್ದಕ್ಕೆ ಆ ಸಭೆಯಲ್ಲಿ ಭೀಷ್ಮನಿಗೂ ನೆಟ್ಟಗೆ ಉತ್ತರ ಹೊಳೆಯಲಿಲ್ಲ. ಟೇಬಲ್ ಸ್ಟೇಕ್ಸ್ ನಿಯಮದಲ್ಲಿ ಈ ಪ್ರಶ್ನೆಯೇ ಹುಟ್ಟೋದಿಲ್ಲ. ಮುಂದಿದ್ದದ್ದು ಖಾಲಿಯಾಯ್ತಾ, ಎದ್ದೇಳು ಸ್ವಾಮಿ, ಆಟ ಮುಗೀತು :)

ರಕ್ಷೆಯಾಗಿದ್ದದ್ದು ಆಯುಧವಾಗಿದ್ದು ನೋ-ಲಿಮಿಟ್ ಆಟದಲ್ಲಿ, ಅಂದರೆ ಯಾವಾಗ ಬೇಕಾದರೂ ಇದ್ದದ್ದನ್ನೆಲ್ಲಾ ಕಟ್ಟಬಹುದಾದ ಆಟದಲ್ಲಿ. ಟೆಕ್ಸಾಸ್‌ನ ಊರೂರು ಅಲೆದು ಆಡುತ್ತಿದ್ದ ಡಾಯ್ಲ್ ಬ್ರನ್ಸನ್ ಮತ್ತವನ ಗೆಳೆಯರು ಈ ಆಟವನ್ನು 1960ರ ದಶಕದಲ್ಲಿ ಲಾಸ್ ವೇಗಾಸ್‌ಗೆ ತಂದರು. 1970ರಲ್ಲಿ ಬೆನ್ನಿ ಬಿನಿಯನ್ ತನ್ನ ಹಾರ್ಸ್‌ಶೂ ಕಸೀನೋದಲ್ಲಿ ವರ್ಲ್ಡ್ ಸೀರೀಸ್ ಆಫ್ ಪೋಕರ್ ಶುರು ಮಾಡಿದ. ಬ್ರನ್ಸನ್ 1976 ಮತ್ತು 1977ರಲ್ಲಿ ಅದನ್ನು ಗೆದ್ದು, ಆಮೇಲೆ ತನ್ನ ವಿದ್ಯೆಯನ್ನೆಲ್ಲಾ ಪುಸ್ತಕ ಮಾಡಿ ಮಾರಿದ. ಅವನ ಉಪದೇಶದ ಸಾರ - ಪ್ರಶ್ನೆ ಕೇಳುವವನಾಗು, ಉತ್ತರ ಹೇಳಬೇಕಾದವನಾಗಬೇಡ.

ಇದರ ಹಿಂದಿರೋದು ಸಣ್ಣ ಲೆಕ್ಕ. ನಡುವಿನ ರಾಶಿಯಲ್ಲಿ 100 ಇದೆ, ನಿಮ್ಮ ಬಳಿಯೂ ಅವನ ಬಳಿಯೂ ತಲಾ 100. ಮೂರು ಎಲೆ ಬಿದ್ದಿವೆ, ಕೈಯಲ್ಲಿರೋದೂ ಸೇರಿ ಒಂದೇ ಜಾತಿಯ ನಾಲ್ಕು ಎಲೆ ನಿಮಗಿದೆ, ಇನ್ನೊಂದು ಬಂದರೆ ಗೆದ್ದಿರಿ. ಬಾಕಿ ಎರಡು ಎಲೆಯಲ್ಲಿ ಅದು ಬರುವ ಸಾಧ್ಯತೆ ಸುಮಾರು ಶೇ. 35. ನೀವೇ ಆಲ್-ಇನ್ ಹೋದರೆ ಗೆಲ್ಲಲು ಎರಡು ದಾರಿ: ಅವನು ಹೆದರಿ ಎಲೆ ಬಿಸಾಕಿದರೆ 100 ನಿಮ್ಮದು. ಬಿಸಾಕದಿದ್ದರೆ 300ರ ರಾಶಿಯಲ್ಲಿ ಶೇ. 35 ಅಂದರೆ 105, ಹಾಕಿದ್ದು 100, ಸರಾಸರಿ ಐದು ರೂಪಾಯಿ ಲಾಭವೇ! ಅದೇ ಅವನು ಕಟ್ಟಿ ನೀವು ಕಾಲ್ ಮಾಡಿದರೆ ಇರೋದು ಒಂದೇ ದಾರಿ, ಎಲೆ ಬರಬೇಕು. ಹಣ ಅಷ್ಟೇ, ಎಲೆ ಅದೇ, ಆದರೆ ಹೆದರಿಕೆ ಯಾರ ತಲೆ ಮೇಲೆ ಕೂತಿದೆ ಅನ್ನೋದು ಬೇರೆ.

ಹಾಗಂತ ಸುಮ್ಮನೆ ಕಾಲ್ ಮಾಡೋದು ಹೇಡಿತನವೇನಲ್ಲ. 1988ರ ಫೈನಲ್ ನೋಡಿ. ಜಾನಿ ಚಾನ್ ಕೈಯಲ್ಲಿ ಗುಲಾಮ ಮತ್ತು ಒಂಬತ್ತು. ಬಿದ್ದದ್ದು ರಾಣಿ, ಎಂಟು, ಹತ್ತು. ಎಂಟರಿಂದ ರಾಣಿವರೆಗೆ ಸಾಲು! ಅದಕ್ಕಿಂತ ದೊಡ್ಡ ಕೈ ಆಗ ಸಾಧ್ಯವೇ ಇರಲಿಲ್ಲ. ಎದುರಿಗೆ ರಾಣಿ ಜೋಡಿ ಹಿಡಿದ ಎರಿಕ್ ಸೈಡೆಲ್. ನಾವಾಗಿದ್ದರೆ ಕುಣಿದು ಎಲ್ಲಾ ತಳ್ಳಿಬಿಡುತ್ತಿದ್ದೆವು. ಸೈಡೆಲ್ ಏರಿಸಿದಾಗ ಚಾನ್ ಕಾಲ್ ಮಾಡಿದ, ಅಷ್ಟೇ. ಮುಂದಿನ ಎಲೆಗೆ ಏನೂ ಕಟ್ಟಲೇ ಇಲ್ಲ. ಕೊನೆಯ ಎಲೆ ಬಿದ್ದಾಗ ಸೈಡೆಲ್ಲೇ ಆಲ್-ಇನ್ ಅಂದ, ಬಲೆಗೆ ಬಿದ್ದ. ಚಾನ್ ಸತತ ಎರಡನೇ ವರ್ಷ ಚಾಂಪಿಯನ್. 1998ರ 'ರೌಂಡರ್ಸ್' ಸಿನಿಮಾದಲ್ಲಿ ಈ ಆಟದ ದೃಶ್ಯವನ್ನೇ ಬಳಸಿಕೊಂಡಿದ್ದಾರೆ.

ಇನ್ನು 2003. ಟೆನೆಸೀಯ ಲೆಕ್ಕಿಗ ಕ್ರಿಸ್ ಮನಿಮೇಕರ್ (ಹೆಸರು ನಿಜವಾಗಿಯೂ ಅದೇ!) ಇಂಟರ್ನೆಟ್ಟಿನಲ್ಲಿ ಚಿಲ್ಲರೆ ದುಡ್ಡಿಗೆ ಆಡಿ, 10,000 ಡಾಲರಿನ ಪ್ರವೇಶ ಗಿಟ್ಟಿಸಿಕೊಂಡವನು. 839 ಜನರಲ್ಲಿ ಕೊನೆಗೆ ಉಳಿದದ್ದು ಇವನು ಮತ್ತು ಪಳಗಿದ ಆಟಗಾರ ಸ್ಯಾಮಿ ಫರ್ಹಾ. ಒಂದು ಕೈಯಲ್ಲಿ ಫರ್ಹಾ ಬಳಿ ಒಂಬತ್ತರ ಜೋಡಿ. ಮನಿಮೇಕರ್ ಬಳಿ ರಾಜ ಮತ್ತು ಏಳು. ಸ್ಪೇಡ್ ಬಂದರೂ ಆದೀತು, ಸಾಲು ಕೂಡಿದರೂ ಆದೀತು ಅಂತ ಏರಿಸಿದ್ದ. ಕೊನೆಯ ಎಲೆ ಹಾರ್ಟ್ ಮೂರು. ಎರಡೂ ಕೈಕೊಟ್ಟವು. ಫರ್ಹಾ ಏನೂ ಕಟ್ಟದೆ ಬಿಟ್ಟ. ಮನಿಮೇಕರ್ ಕಲ್ಲಿನ ಹಾಗೆ ಕೂತು ಆಲ್-ಇನ್ ಅಂದ.

ಆ ಕ್ಷಣದಲ್ಲಿ ಇಬ್ಬರ ಸ್ಥಿತಿ ನೋಡಿ. ಏನೂ ಇಲ್ಲದವನ ಕೆಲಸ ಮುಗಿದಿದೆ. ಗೆಲ್ಲುವ ಎಲೆ ಇರುವವನು ಬೆವರಬೇಕು. ತಪ್ಪಿದರೆ ಅವನು ಮನೆಗೆ. ಫರ್ಹಾಗೆ ವಾಸನೆ ಬಡಿದಿತ್ತು, ಸ್ಪೇಡ್ ಬರಲಿಲ್ಲ ಅಲ್ವಾ ಅನ್ನೋ ಥರ ಕೆದಕಿಯೂ ನೋಡಿದ. ಆದರೂ ಎಲೆ ಬಿಸಾಕಿದ. ಆಮೇಲೆ ಮನಿಮೇಕರ್ 25 ಲಕ್ಷ ಡಾಲರ್ ಗೆದ್ದ. ಟೀವಿಯಲ್ಲಿ ಗುಟ್ಟಿನ ಎಲೆಗಳೂ ಕಾಣ್ತಿದ್ದರಿಂದ ಲೋಕಕ್ಕೆಲ್ಲಾ ಈ ಕಳ್ಳಾಟ ಗೊತ್ತಾಯ್ತು. 2004ರಲ್ಲಿ 2,576 ಜನ ಬಂದರು, 2006ರಲ್ಲಿ 8,773.

ತಮಾಷೆ ಅಂದ್ರೆ ಈ ಕಳ್ಳಾಟ ಸ್ವಭಾವದ ಮಾತಲ್ಲ, ಗಣಿತ ಅಂತ 1944ರಲ್ಲೇ ಜಾನ್ ವಾನ್ ನಾಯ್ಮನ್ ಮತ್ತು ಆಸ್ಕರ್ ಮಾರ್ಗನ್‌ಸ್ಟರ್ನ್ ಬರೆದಿಟ್ಟಿದ್ದರು. ಒಳ್ಳೇ ಎಲೆಗೆ ಮಾತ್ರ ದೊಡ್ಡದಾಗಿ ಕಟ್ಟುವವನಿಗೆ ಯಾರೂ ಕಾಲ್ ಮಾಡೋದಿಲ್ಲ, ಅದಕ್ಕೇ ಆಗಾಗ ಸುಳ್ಳು ಹೇಳಲೇಬೇಕು. 2017ರಲ್ಲಿ ಕಾರ್ನೆಗೀ ಮೆಲನ್ ವಿಶ್ವವಿದ್ಯಾಲಯದ ಲಿಬ್ರಾಟಸ್ ಅನ್ನೋ ಕಂಪ್ಯೂಟರ್ ನಾಲ್ವರು ವೃತ್ತಿಪರರ ಮೇಲೆ 1,20,000 ಕೈ ಆಡಿ ಸೋಲಿಸಿತು. ನಡುವಿನ ರಾಶಿಯ ಎಷ್ಟೋ ಪಟ್ಟು ಏಕಾಏಕಿ ಕಟ್ಟಿ, ಎದುರಿನವರನ್ನು ನಿಮಿಷಗಟ್ಟಲೆ ಯೋಚನೆಗೆ ಕೆಡವುತ್ತಿತ್ತು ಆ ಯಂತ್ರ. ಅದಕ್ಕೆ ಎದೆ ಹೊಡೆದುಕೊಳ್ಳೋದಿಲ್ಲ ನೋಡಿ.

ಇಷ್ಟೆಲ್ಲಾ ಓದಿದ ಮೇಲೆ ನನಗನ್ನಿಸಿದ್ದು ಇಷ್ಟು. ಆಲ್-ಇನ್ ಅಂದರೆ ನಿರ್ಧಾರ ಮಾಡುವ ಸಂಕಟವನ್ನು ಎದುರಿನವನಿಗೆ ದಾಟಿಸೋದು. ಕಾಲ್ ಅಂದರೆ ಆ ಸಂಕಟವನ್ನು ತಾನೇ ಹೊರೋದು. ಚಾನ್ ಹೊತ್ತು ಗೆದ್ದ, ಮನಿಮೇಕರ್ ದಾಟಿಸಿ ಗೆದ್ದ. ಇಬ್ಬರಿಗೂ ಒಂದು ವಿಷಯ ಖಚಿತವಾಗಿತ್ತು, ಹೋದರೆ ಹೋಗೋದು ಮೇಜಿನ ಮೇಲಿರೋ ಬಿಲ್ಲೆಗಳಷ್ಟೇ. ಧರ್ಮರಾಯನಿಗೆ ಆ ಗೆರೆ ಎಳೆದುಕೊಟ್ಟವರು ಯಾರೂ ಇರಲಿಲ್ಲ. ಸಾಲ ಮಾಡಿ, ಹೆಂಡತಿ ಒಡವೆ ಇಟ್ಟು ಜೂಜಾಡುವ ಮನೆಗಳಲ್ಲಿ ಇವತ್ತಿಗೂ ಆ ಗೆರೆ ಇಲ್ಲ. ಕಾಲಾ ಆಲ್-ಇನ್ನಾ ಅನ್ನೋದು ಆಮೇಲಿನ ಮಾತು, ಮೇಜಿನ ಮೇಲೆ ಏನನ್ನು ಇಡಬಾರದು ಅನ್ನೋದೇ ಮೊದಲ ಮಾತು.